ಗೊರಸು ತೋರ್ಸು, ಆಮ್ಯಾಲೆ ಬಾಗ್ಲಾ

ಕಪ್ಪತಗುಡ್ಡದ ಸೆರಗಿನ ನಮ್ಮ ಶಾಲೆಯ ನಲಿ-ಕಲಿಯ (ಆಡುತ್ತ ಕಲಿಯುವ ಕೆಳಗಿನ ತರಗತಿಗಳ) ಮಕ್ಕಳು ಮತ್ತೆ ಮತ್ತೆ ಕೇಳುವುದು ತೋಳ ಮತ್ತು ಆಡಿನ ಮರಿಯ ಕತೆ. ಗುಡ್ಡದಲ್ಲಿ ಇವತ್ತಿಗೂ ತೋಳ ಇದೆ. ಕುರಿ ಸಾಕಿದ ಮನೆಯ ಮಕ್ಕಳಿಗೆ ತೋಳ ಅಂದರೇನು ಅಂತ ಯಾರೂ ಹೇಳಬೇಕಿಲ್ಲ.

ಕತೆ ಹಳೆಯದು. ಫ್ರಾನ್ಸಿನ ಲಾ ಫಾಂಟೇನ್ 1668ರಲ್ಲಿ ಇದನ್ನು ಪದ್ಯವಾಗಿ ಪ್ರಕಟಿಸಿದ. ತಾಯಿ ಆಡು ಮೇಯಲು ಹೊರಡುವಾಗ ಮರಿಗೊಂದು ಗುರುತಿನ ಮಾತು ಕೊಡುತ್ತದೆ: 'ತೋಳಕ್ಕೂ ಅದರ ಕುಲಕ್ಕೂ ಧಿಕ್ಕಾರ' ಎಂದವರಿಗೆ ಮಾತ್ರ ಬಾಗಿಲು ತೆಗಿ. ಅದೇ ದಾರಿಯಲ್ಲಿ ಹೊರಟಿದ್ದ ತೋಳದ ಕಿವಿಗೆ ಅದು ಬೀಳುತ್ತದೆ. ಆಡು ಮರೆಯಾದದ್ದೇ ತಡ, ದನಿ ಬದಲಿಸಿ ಅದೇ ಮಾತು ಹೇಳುತ್ತದೆ. ಮರಿ ಬಾಗಿಲ ಸಂದಿಯಲ್ಲಿ ಇಣುಕಿ, 'ಬಿಳಿ ಕಾಲು ತೋರಿಸು' ಅನ್ನುತ್ತದೆ. ತೋಳ ಬಂದ ದಾರಿ ಹಿಡಿಯುತ್ತದೆ.

ನಮ್ಮಲ್ಲಿ ಬಿಳಿ ಕಾಲು ನಡೆಯಲಿಲ್ಲ. 'ಅಕ್ಕೋರ, ನಮ್ ಆಡಿನ ಕಾಲು ಕರ್ರಗ ಅದಾವ್ರೀ' ಅಂದಳು ಒಬ್ಬಳು. ಅಂದಿನಿಂದ ನಮ್ಮ ಮರಿ ಗೊರಸು ಕೇಳುತ್ತದೆ. ಆಡಿನ ಗೊರಸು ಸೀಳಿ ಎರಡಾಗಿರುತ್ತದೆ, ತೋಳಕ್ಕೆ ಉಗುರಿನ ಪಂಜ. ಬಣ್ಣ ಬಳಿದು ಬಿಳಿ ಮಾಡಬಹುದು, ಪಂಜವನ್ನು ಗೊರಸು ಮಾಡಲಾಗದು.

ಹೇಳುವಾಗ ತರಗತಿಯ ಬಾಗಿಲನ್ನೇ ಬಳಸುತ್ತೇನೆ. ಮಕ್ಕಳೆಲ್ಲ ಒಳಗೆ, ತೋಳವಾಗಿ ನಾನು ಹೊರಗೆ. ಗುರುತಿನ ಮಾತು ಹೇಳಿ ಸುಮ್ಮನಾಗುತ್ತೇನೆ. ಒಳಗೆ ಜಗಳ ಶುರು. 'ಅವ್ವ ಹೇಳಿದ್ದು ಇದ ಮಾತಲ್ಲಾ, ತಗೀ!' 'ದನಿ ಅವ್ವಂದಲ್ಲೋ, ಬ್ಯಾಡ!' ನಾನು ಅವಸರ ಮಾಡುವುದಿಲ್ಲ. ನನ್ನ ಪ್ರಕಾರ ಇಡೀ ಕತೆ ಇರುವುದು ಆ ಜಗಳದಲ್ಲೇ. ಮರಿ ಅವ್ವನ ಮಾತು ಮೀರಲಿಲ್ಲ, ಅದರ ಮೇಲೆ ತನ್ನದೂ ಒಂದು ಪರೀಕ್ಷೆ ಇಟ್ಟಿತು. ಗುರುತಿನ ಮಾತು ಕದ್ದವರ ಬಾಯಲ್ಲೂ ಬರಬಹುದು ಅನ್ನುವುದು ಈ ಮಕ್ಕಳಿಗೆ ಗೊತ್ತಿರಬೇಕು. 'ಹುಷಾರಾಗಿರು' ಅಂದರೆ ಚಿಕ್ಕವರಿಗೆ ಏನು ಮಾಡಬೇಕೆಂದೇ ತಿಳಿಯದು. 'ಗೊರಸು ನೋಡು' ಅಂದರೆ ತಿಳಿಯುತ್ತದೆ. ಕೊನೆಗೆ 'ದೊಡ್ಡವರ ಮಾತು ಕೇಳಬೇಕು' ಅಂತ ನಾನು ಸೇರಿಸುವುದಿಲ್ಲ. ಸೇರಿಸಿದರೆ ಅಷ್ಟು ಹೊತ್ತು ಕಣ್ಣರಳಿಸಿ ಕೂತವರು ಪಾಟಿಚೀಲ ಹುಡುಕತೊಡಗುತ್ತಾರೆ.

ಮೂರನೇ ತರಗತಿಯವರಿಗೆ ಪಂಚತಂತ್ರದ ಏಡಿ ಕತೆಯನ್ನೂ ಹೇಳುತ್ತೇನೆ. ಒಬ್ಬನೇ ಪ್ರಯಾಣ ಹೊರಟ ಮಗನ ಜೊತೆಗೆ ತಾಯಿ ಒಂದು ಏಡಿ ಕೊಡುತ್ತಾಳೆ. ಯಾಕೆಂದು ತಿಳಿಯದಿದ್ದರೂ ಅವನು ಅದನ್ನು ಕರ್ಪೂರದ ಡಬ್ಬಿಯಲ್ಲಿಟ್ಟು ಒಯ್ಯುತ್ತಾನೆ. ಮರದ ಕೆಳಗೆ ಮಲಗಿದಾಗ ಕರ್ಪೂರದ ವಾಸನೆಗೆ ಬಂದ ಹಾವನ್ನು ಆ ಏಡಿಯೇ ಕೊಲ್ಲುತ್ತದೆ. ಹಳ್ಳದಲ್ಲಿ ಏಡಿ ಹಿಡಿದು ಗೊತ್ತಿರುವ ಹುಡುಗನೊಬ್ಬ ಕೇಳಿದ: 'ಡಬ್ಬ್ಯಾಗ ಅದಕ ಉಸ್ರು ಕಟ್ಟೂದಿಲ್ಲೇನ್ರೀ?' ಈಗ ನನ್ನ ಕತೆಯ ತಾಯಿ ಡಬ್ಬಿಯ ಮುಚ್ಚಳಕ್ಕೆ ದಬ್ಬಣದಿಂದ ತೂತು ಹಾಕಿ, ಒಳಗೆ ಒದ್ದೆ ಎಲೆ ಹಾಸಿ ಕೊಡುತ್ತಾಳೆ.