ತಾರಸಿಯಿಂದ ಗುರುಗ್ರಹದ ಫೋಟೊ

ಬೆಂಗಳೂರಿನಲ್ಲಿ ಆಕಾಶದ ಫೋಟೊ ತೆಗೆಯುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ: "ಇಷ್ಟೊಂದು ಬೀದಿದೀಪದ ಮಧ್ಯೆ ಏನು ಕಾಣುತ್ತೆ?" ನೀಹಾರಿಕೆ, ಗೆಲಾಕ್ಸಿಗಳ ಮಟ್ಟಿಗೆ ಪ್ರಶ್ನೆ ಸರಿಯೇ. ಆದರೆ ಗುರು, ಶನಿ, ಚಂದ್ರರಿಗೆ ಬೀದಿದೀಪ ಲೆಕ್ಕಕ್ಕೇ ಇಲ್ಲ. ಅದಕ್ಕೇ ನಾನು ಗ್ರಹಗಳಿಗೆ ಅಂಟಿಕೊಂಡೆ.

ನನ್ನದು 8 ಇಂಚಿನ ಕನ್ನಡಿಯ ಡಾಬ್ಸೋನಿಯನ್, ಅಂದರೆ ಸರಳವಾದ ಪೀಠದ ಮೇಲೆ ಕೂರುವ ಟೆಲಿಸ್ಕೋಪು. ಮೋಟಾರ್ ಇಲ್ಲ, ಕೈಯಲ್ಲೇ ತಳ್ಳಬೇಕು. ಮೋಟಾರ್ ಇರುವ ಇಕ್ವಟೋರಿಯಲ್ ಮೌಂಟ್ (ಭೂಮಿಯ ಅಕ್ಷಕ್ಕೆ ಸಮನಾಗಿ ತಿರುಗುವ ಪೀಠ) ಆದರೆ ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು. ನಮ್ಮೂರಲ್ಲಿ ಧ್ರುವ ಇರುವುದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಅಂದರೆ ಎದುರಿನ ಅಪಾರ್ಟ್‌ಮೆಂಟಿನ ಹಿಂದೆ! ಸದ್ಯಕ್ಕೆ ಆ ಗೋಜೇ ಬೇಡ ಅಂದುಕೊಂಡೆ. ಟೆಲಿಸ್ಕೋಪಿಗೆ ಚಿತ್ರವನ್ನು 2 ಪಟ್ಟು ದೊಡ್ಡದು ಮಾಡುವ ಬಾರ್ಲೋ ಲೆನ್ಸು, ಎಎಸ್‌ಐ 224 ಅನ್ನುವ ಪುಟ್ಟ ಬಣ್ಣದ ಕ್ಯಾಮೆರಾ, ಜೊತೆಗೊಂದು ಹಳೆ ಲ್ಯಾಪ್‌ಟಾಪ್. ಅಷ್ಟೇ.

ನಿಜವಾದ ತಲೆನೋವು ಗಾಳಿಯದು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಬಿಸಿ ಬಿಡುತ್ತಲೇ ಇರುತ್ತದೆ. ಒಂಬತ್ತು ಗಂಟೆಗೆ ಪರದೆಯ ಮೇಲೆ ಗುರುವಿನ ಅಂಚು ಕೊತಕೊತ ಕುದಿಯುತ್ತಿರುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ಅದೇ ಅಂಚು ಎಷ್ಟೋ ಸಮಾಧಾನವಾಗಿರುತ್ತದೆ. ಪಕ್ಕದ ಮನೆಯ ತಗಡಿನ ಶೀಟಿನ ಮೇಲಿಂದ ನೋಡುವುದಕ್ಕಿಂತ ತೆಂಗಿನ ಮರಗಳ ಕಡೆಗೆ ನೋಡುವುದು ವಾಸಿ. ಟೆಲಿಸ್ಕೋಪನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ಕನ್ನಡಿ ತಣ್ಣಗಾಗಲು ಬಿಡುತ್ತೇನೆ. ನಕ್ಷತ್ರಗಳು ವಿಪರೀತ ಮಿನುಗುತ್ತಿದ್ದರೆ ಸುಮ್ನೆ ಮಲಗುತ್ತೇನೆ.

ಒಂದು ವಿಷಯದಲ್ಲಿ ನಾವು ಪುಣ್ಯವಂತರು. 2020ರಲ್ಲಿ ಲಂಡನ್ನಿನವರಿಗೆ ಗುರು 16 ಡಿಗ್ರಿ ಆಸುಪಾಸಿಗಿಂತ ಮೇಲೇರಲೇ ಇಲ್ಲ. ನಮಗೆ ಆಗಲೂ 50 ಡಿಗ್ರಿ ದಾಟಿತ್ತು. 2026ರ ಜನವರಿಯಲ್ಲಂತೂ ಹೆಚ್ಚುಕಡಿಮೆ ನೆತ್ತಿಯ ಮೇಲೆ, 80 ಡಿಗ್ರಿ. ಮೇಲಿದ್ದಷ್ಟೂ ನಡುವಿನ ಗಾಳಿ ಕಡಿಮೆ. ಆದರೆ ತೀರಾ ನೆತ್ತಿಗೆ ಬಂದಾಗ ಡಾಬ್ಸೋನಿಯನ್ ತಿರುಗಿಸುವುದು ಬಲು ಕಷ್ಟ. ಹಾಗಾಗಿ ಒಂದೆರಡು ಗಂಟೆ ಮುಂಚೆಯೇ ಕೆಲಸ ಮುಗಿಸುತ್ತೇನೆ.

ತೆಗೆಯುವುದು ಫೋಟೊ ಅಲ್ಲ, ವಿಡಿಯೊ. ಗುರುವಿನ ಉಪಗ್ರಹವೊಂದರ ಮೇಲೆ ಫೋಕಸ್ ಮಾಡಿ, ಅದು ಸಣ್ಣ ಚುಕ್ಕಿಯಾದ ಮೇಲೆ ಗುರುವನ್ನು ಚೌಕಟ್ಟಿನ ಒಂದು ಅಂಚಿಗೆ ತಂದು ಕೈ ಬಿಡುತ್ತೇನೆ. ಭೂಮಿ ತಿರುಗುವುದರಿಂದ ಗುರು ತಾನಾಗಿಯೇ ಜಾರಿ ಸುಮಾರು ಅರ್ಧ ನಿಮಿಷದಲ್ಲಿ ಆಚೆ ಅಂಚು ಸೇರುತ್ತಾನೆ. ಮತ್ತೆ ತಳ್ಳು, ಮತ್ತೆ ಬಿಡು. ಇದನ್ನು ಮೂರು ನಿಮಿಷದೊಳಗೆ ಮುಗಿಸಬೇಕು, ಯಾಕೆಂದರೆ ಗುರು ಹತ್ತು ಗಂಟೆಗೂ ಕಡಿಮೆ ಹೊತ್ತಿನಲ್ಲಿ ತನ್ನ ಸುತ್ತ ತಾನೇ ಒಂದು ಸುತ್ತು ಹಾಕುವ ಆಸಾಮಿ. ತಡವಾದರೆ ಗುರುವಿನ ಮೇಲೆ ಕಾಣುವ ಕೆಂಪು ಮಚ್ಚೆ (ಅಲ್ಲಿನ ದೊಡ್ಡ ಬಿರುಗಾಳಿ) ಜರುಗಿ ಚಿತ್ರ ಕಲಸಿಹೋಗುತ್ತದೆ.

ಆಮೇಲೆ ಪಿಪ್ ಎಂಬ ತಂತ್ರಾಂಶ ಪ್ರತಿ ಫ್ರೇಮಿನಲ್ಲೂ ಗುರುವನ್ನು ನಡುವಿಗೆ ತರುತ್ತದೆ. ಆಟೋಸ್ಟ್ಯಾಕರ್ಟ್ ಎಂಬ ಇನ್ನೊಂದು ತಂತ್ರಾಂಶ ಸಾವಿರಾರು ಫ್ರೇಮುಗಳನ್ನು ಜಾಲಾಡಿ ಚೆನ್ನಾಗಿರುವುದನ್ನು ಮುಂದೆ ತರುತ್ತದೆ. ಹರಿಯುವ ನೀರಿನ ತಳದ ಕಲ್ಲು ಯಾವಾಗಲೋ ಒಮ್ಮೆ ಸ್ಪಷ್ಟವಾಗಿ ಕಾಣುತ್ತದಲ್ಲ, ಅಂಥ ಕ್ಷಣಗಳನ್ನಷ್ಟೇ ಹೆಕ್ಕಿ ಒಂದರ ಮೇಲೊಂದು ಪೇರಿಸುವುದು. ನಾನು ಇಟ್ಟುಕೊಳ್ಳುವುದು ನೂರಕ್ಕೆ ಹತ್ತು ಹದಿನೈದು. ಹೀಗೆ ಬಂದ ಚಿತ್ರ ನೋಡಲು ಮಂಕು. ರೆಜಿಸ್ಟ್ಯಾಕ್ಸ್ ಎಂಬ ತಂತ್ರಾಂಶದಲ್ಲಿ ಸೂಕ್ಷ್ಮ ವಿವರಗಳನ್ನು ಚೂಪಾಗಿಸುವ ವೇವ್‌ಲೆಟ್ ಕಡ್ಡಿಗಳನ್ನು (ಸ್ಲೈಡರ್) ಸ್ವಲ್ಪ ಸರಿಸಿದರೆ ಸಾಕು, ಕಂದು ಪಟ್ಟೆಗಳ ಅಂಚಿನ ಸುರುಳಿಗಳು ಎದ್ದು ಬರುತ್ತವೆ. ಆಸೆಗೆ ಬಿದ್ದು ಇನ್ನೂ ಸರಿಸಿದರೆ ಗ್ರಹದ ಅಂಚಿಗೆ ಬಳೆ ತೊಡಿಸಿದ ಹಾಗೆ ಗೆರೆ ಮೂಡುತ್ತದೆ. ಗೆರೆ ಕಂಡ ಕೂಡಲೇ ನಾಲ್ಕು ಹೆಜ್ಜೆ ಹಿಂದೆ ಹೋಗುವುದು ನನ್ನ ರೂಢಿ.

ಒಂದೊಂದು ರಾತ್ರಿಗೂ ಡಿಸ್ಕ್ ತುಂಬಿಹೋಗುತ್ತದೆ, ವಿಡಿಯೊ ಅಳಿಸದೆ ವಿಧಿಯಿಲ್ಲ. ಅಳಿಸುವ ಮುಂಚೆ ಡಿಟೆಕ್ಟ್ ಎಂಬ ತಂತ್ರಾಂಶಕ್ಕೆ ಕೊಡುತ್ತೇನೆ. ಗುರುವಿಗೆ ಏನಾದರೂ ಬಂದು ಬಡಿದು ಮಿಂಚಿತೇ ಅಂತ ಅದು ಹುಡುಕುತ್ತದೆ. 2010ರ ಜೂನ್ 3ರಂದು ಆಸ್ಟ್ರೇಲಿಯಾದ ಆಂಥೋನಿ ವೆಸ್ಲಿ, ಫಿಲಿಪ್ಪೀನ್ಸಿನ ಕ್ರಿಸ್ಟೋಫರ್ ಗೋ ಇಬ್ಬರಿಗೂ ಅಂಥದ್ದೇ ಒಂದು ಮಿಂಚು ಸಿಕ್ಕಿತ್ತು. ಇಬ್ಬರೂ ಹವ್ಯಾಸಿಗಳೇ. ನನಗೆ ಇನ್ನೂ ಏನೂ ಸಿಕ್ಕಿಲ್ಲ. ಆದರೂ ಪ್ರತಿ ಫೈಲಿನ ಹೆಸರಿನಲ್ಲಿ ದಿನ, ಗಂಟೆ, ನಿಮಿಷ ಬರೆದೇ ಇಡುತ್ತೇನೆ.