ಕುರುಡಿ ಮೀನಿನ ಮರಿಗಳ ಮೊದಲ ಐದು ದಿನ: ನನ್ನ ಅನುಭವ

ಹೊನ್ನಾವರದ ಬಳಿ, ಶರಾವತಿಯ ಅಳಿವೆಗೆ ಹತ್ತಿರದಲ್ಲಿ, ಶೇಡ್ ನೆಟ್ ಹೊದಿಸಿದ ಹೊರಾಂಗಣ ಸಿಮೆಂಟ್ ತೊಟ್ಟಿಗಳಲ್ಲಿ ನಾನು ಕುರುಡಿ ಮೀನಿನ (ಏಷ್ಯನ್ ಸೀಬಾಸ್) ಮರಿಗಳನ್ನು ಬೆಳೆಸುತ್ತೇನೆ. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾಗುವುದರಿಂದ ಜನವರಿಯಿಂದ ಮೇ ತಿಂಗಳವರೆಗೆ ಮಾತ್ರ ಈ ಕೆಲಸ ಸಾಧ್ಯ.

ಮೊಟ್ಟೆಯೊಡೆದು ಬಂದ ಮರಿ ಸುಮಾರು 1.5 ಮಿಲಿಮೀಟರ್ ಉದ್ದವಿರುತ್ತದೆ. ಎರಡು ದಿನ ಅದು ಹೊಟ್ಟೆಗಂಟಿದ ಹಳದಿಯಲ್ಲೇ ಬದುಕುತ್ತದೆ. ಮೂರನೆಯ ದಿನ ಬಾಯಿಗೆ ರೋಟಿಫರ್ ಎಂಬ ಅತಿಸಣ್ಣ ಜಲಜೀವಿ ಬೇಕು. ಮೊದಲ ಬಾರಿ ನಾನು ಆಹಾರದ ಕಡೆಗೇ ಎಲ್ಲ ಗಮನ ಕೊಟ್ಟೆ. ಕಾಡ್ ಮೀನಿನೆಣ್ಣೆ ಉಣಿಸಿದ ರೋಟಿಫರ್‌ಗಳನ್ನು ಮಿಲಿಲೀಟರಿಗೆ 10ಕ್ಕೆ ಕಡಿಮೆಯಾಗದಂತೆ ಬಿಟ್ಟೆ, ಮರಿಗಳ ಹೊಟ್ಟೆಯೂ ತುಂಬಿತು. ಆದರೆ ಹತ್ತನೆಯ ದಿನದ ಹೊತ್ತಿಗೆ ಅನೇಕ ಮರಿಗಳು ತಲೆಯೆತ್ತಿ, ಬಾಲವನ್ನು ಬಿಡದೆ ಬಡಿಯುತ್ತ, ಮುಳುಗದಿರಲು ಹೆಣಗುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆನ್ನುಮೂಳೆಯ ಕೆಳಗೆ ಹೊಳೆಯಬೇಕಿದ್ದ ಗಾಳಿಗುಳ್ಳೆಯೇ ಇರಲಿಲ್ಲ.

ಆ ಗಾಳಿಗುಳ್ಳೆಯೇ ಮೀನನ್ನು ತೇಲಿಸುವ ಈಜುಚೀಲ. ಅದು ತುಂಬಲು ಮರಿಯು ಬಾಯಿ ತೆರೆದ ಕೆಲವೇ ದಿನಗಳೊಳಗೆ ನೀರಿನ ಮೇಲ್ಮೈಗೆ ಬಂದು ಒಂದು ಗುಟುಕು ಗಾಳಿ ನುಂಗಬೇಕು. ರೋಟಿಫರ್‌ಗಳನ್ನು ಚೆನ್ನಾಗಿ ತೊಳೆಯದೆ ಬಿಟ್ಟಿದ್ದರಿಂದ ಎಣ್ಣೆಯ ತೆಳುಪೊರೆ ಮೇಲೆ ಹರಡಿ, ಅಷ್ಟು ಸಣ್ಣ ಮರಿಗೆ ಅದನ್ನು ಭೇದಿಸಲಾಗಿರಲಿಲ್ಲ. ಆ ಗಡುವು ಮೀರಿದರೆ ಮುಂದೆ ಎಷ್ಟು ಉಣಿಸಿದರೂ ಬೆನ್ನುಮೂಳೆ ಬಾಗಿದ ಮೀನೇ ಸಿಗುವುದು ಹೆಚ್ಚು. ಆ ತೊಟ್ಟಿಯನ್ನು ಖಾಲಿ ಮಾಡಿದ ದಿನ ನನಗೆ ಊಟ ಸೇರಲಿಲ್ಲ.

ಈಗ ರೋಟಿಫರ್‌ಗಳನ್ನು ಸಣ್ಣಕಣ್ಣಿನ ಬಲೆಬಟ್ಟೆಯಲ್ಲಿ ಸಮುದ್ರದ ನೀರು ಸುರಿದು ತೊಳೆದೇ ಬಿಡುತ್ತೇನೆ. ಪಿವಿಸಿ ಪೈಪಿನ ಚೌಕವೊಂದನ್ನು ತೇಲಿಬಿಟ್ಟು, ಒಂದು ಬದಿಯಿಂದ ಮೆಲ್ಲಗೆ ಗಾಳಿ ಹಾಯಿಸಿ ಪೊರೆಯನ್ನು ಅದರೊಳಕ್ಕೆ ತಳ್ಳಿ, ಬೆಳಿಗ್ಗೆ ಮತ್ತು ಸಂಜೆ ಹಳೆಯ ಬಟ್ಟೆಯಿಂದ ಒತ್ತಿ ತೆಗೆಯುತ್ತೇನೆ. ನೀರಿಗೆ ಗಾಳಿ ಬಿಡುವ ಏರ್ ಸ್ಟೋನಿನ ಗುಳ್ಳೆಗಳೂ ಆಗ ಮಂದವಾಗಿರಬೇಕು.

ಹೊರಾಂಗಣದಲ್ಲಿ ಬಿಸಿಲಿನ ಲೆಕ್ಕ ಬೇರೆಯೇ. ನ್ಯಾನೊಕ್ಲೊರಾಪ್ಸಿಸ್ ಪಾಚಿಯ ಹಸಿರು ನೀರು ಮರಿಗಳಿಗೆ ನೆರಳಾಗಿ, ರೋಟಿಫರ್‌ಗಳಿಗೆ ಮೇವಾಗುತ್ತದೆ. ಅತಿಯಾದರೆ ಮಧ್ಯಾಹ್ನ ಪಿಎಚ್ ಏರಿ ಅಮೋನಿಯಾ ವಿಷವಾಗುತ್ತದೆ, ನಸುಕಿನಲ್ಲಿ ಆಮ್ಲಜನಕ ಕುಸಿಯುತ್ತದೆ. ತೊಟ್ಟಿಯ ತಳ ಮಸುಕಾಗಿ ಕಾಣುವಷ್ಟು ಹಸಿರೇ ನನ್ನ ಅಳತೆ. ಮೇ ತಿಂಗಳ ಅಡ್ಡಮಳೆ ಬಂದರೆ ಶೇಡ್ ನೆಟ್ಟಿನ ಮೇಲೆ ಟಾರ್ಪಾಲು ಎಳೆಯಲೇಬೇಕು.

ಐದನೆಯ ದಿನ ಪ್ರತಿ ತೊಟ್ಟಿಯಿಂದ 20 ಮರಿ ತೆಗೆದು ಗಾಳಿಗುಳ್ಳೆ ಎಣಿಸುತ್ತೇನೆ. ಎಣಿಕೆ ಮುಗಿದ ಮೇಲಷ್ಟೇ ಮರಿಗಳ ಮುಂದಿನ ಮೇವಾದ ಆರ್ಟೀಮಿಯಾ ಎಂಬ ಸೀಗಡಿಯಂಥ ಸಣ್ಣ ಜೀವಿಯ ಡಬ್ಬಿಗಳಿಗೆ ಆರ್ಡರ್ ಕೊಡುವುದು.