ಒಂದು ನಿಮಿಷದ ಆಡಿಯೊ, ಮೂರು ಪಾಠ: ವಿದೇಶಿ ಭಾಷೆ ಕಲಿಸುವವರಿಗೆ

ವಿದೇಶಿ ಭಾಷೆಯ ತರಗತಿಗೆ ವಾರಕ್ಕೆ ಐದು ವಿಡಿಯೊ ಹುಡುಕಿ ತರುವ ಬದಲು ಒಂದು ನಿಮಿಷದ ಒಂದೇ ಆಡಿಯೊ ಆರಿಸಿ, ಅದನ್ನೇ ಮೂರು ಪಾಠಗಳಲ್ಲಿ ಮೂರು ರೀತಿ ಬಳಸಿ. ಮೊದಲ ಸಲ ಕೇಳುವಾಗ ವಿದ್ಯಾರ್ಥಿಗಳ ಗಮನವೆಲ್ಲ ಅರ್ಥಕ್ಕೇ ಹೋಗಿಬಿಡುತ್ತದೆ. ಆರ್ಟಿಕಲ್ (ಇಂಗ್ಲಿಷಿನ ‘ಎ’, ‘ದಿ’ಗಳಂಥವು), ಪದದ ಕೊನೆ, ಕ್ರಿಯಾಪದದ ರೂಪ ಕಿವಿಗೆ ಬೀಳುವುದು ಅರ್ಥ ಗೊತ್ತಾದ ಮೇಲೆ. ದಿನಕ್ಕೊಂದು ಹೊಸ ಸಾಮಗ್ರಿ ತಂದರೆ ಆ ಎರಡನೆಯ ಹಂತ ಬರುವುದೇ ಇಲ್ಲ.

ಆರಿಸುವಾಗ

ಲಿಖಿತ ಪಠ್ಯವೂ ಜೊತೆಗಿರುವ ಆಡಿಯೊವನ್ನೇ ತೆಗೆದುಕೊಳ್ಳಿ. ಜರ್ಮನ್‌ಗೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯ ಪಾಠಮಾಲೆ ‘ನಿಕೋಸ್ ವೇಗ್’ ಇದೆ, ಎ1ರಿಂದ ಬಿ1 ಮಟ್ಟದವರೆಗೆ (ಯುರೋಪಿನ ಭಾಷಾ ಮಟ್ಟಗಳಲ್ಲಿ ಎ1 ತೀರ ಆರಂಭದ್ದು, ಬಿ1 ಮಧ್ಯಮ), ಉಚಿತ. ಫ್ರೆಂಚ್‌ಗೆ ಆರ್‌ಎಫ್‌ಐ ಬಾನುಲಿಯ ಹತ್ತು ನಿಮಿಷದ ಸರಳ ಫ್ರೆಂಚ್ ವಾರ್ತೆಯೂ ಟಿವಿ5 ಮೊಂಡ್‌ನ ಅಭ್ಯಾಸಗಳೂ ಇವೆ. ಜಪಾನಿಗೆ ಎನ್‌ಎಚ್‌ಕೆಯ ಸುಲಭ ಸುದ್ದಿ ಚೆನ್ನ. ಕಾಂಜಿಯ (ಚೀನೀ ಮೂಲದ ಲಿಪಿಚಿಹ್ನೆಗಳ) ಮೇಲೆಯೇ ಓದುವ ಬಗೆ ಬರೆದಿರುತ್ತದೆ. ಬಿಡಿ ಪದದ ಉಚ್ಚಾರಕ್ಕೆ ಫೋರ್ವೊ, ಉದಾಹರಣೆ ವಾಕ್ಯಗಳಿಗೆ ತತೋಏಬ ಎಂಬ ಜಾಲತಾಣಗಳಿವೆ. ತತೋಏಬದ ವಾಕ್ಯಗಳನ್ನು ಬರೆಯುವವರು ಸ್ವಯಂಸೇವಕರು. ಆ ಭಾಷೆಯನ್ನೇ ಮಾತೃಭಾಷೆಯಾಗಿ ಉಳ್ಳವರು ಬರೆದದ್ದನ್ನು ಮಾತ್ರ ತರಗತಿಗೆ ತನ್ನಿ.

ಹೆಚ್ಚಿನವರು ಎಡವುವ ಜಾಗ ಒಂದಿದೆ. ಡಾಯ್ಚೆ ವೆಲೆ ನಿಧಾನವಾಗಿ ಓದುವ ಸುದ್ದಿ ಪ್ರಸಾರ ಮಾಡುತ್ತದೆ. ಓದುವ ವೇಗ ಕಡಿಮೆ, ಆದರೆ ಪದಗಳು, ವಾಕ್ಯಗಳು ಪೂರಾ ಪತ್ರಿಕಾ ಭಾಷೆಯವು. ಎ2 ಮಟ್ಟದವರು ಅದನ್ನು ಎಷ್ಟು ನಿಧಾನ ಕೇಳಿದರೂ ಅರ್ಥವಾಗದು. ಹಾಗಾಗಿ ವೇಗಕ್ಕಿಂತ ಮೊದಲು ಪದ ಎಣಿಸಿ. ಪಠ್ಯದ ನೂರು ಪದಗಳಲ್ಲಿ ನಿಮ್ಮ ತರಗತಿಗೆ ಗೊತ್ತಿಲ್ಲದವು ಐದಾರು ಇದ್ದರೆ ನಡೆಯುತ್ತದೆ. ನಾಲ್ಕನ್ನು ಮೊದಲೇ ಹೇಳಿಕೊಡಿ, ಉಳಿದದ್ದನ್ನು ಊಹಿಸಲಿ. ಹತ್ತು ದಾಟಿದರೆ ಬೇರೆ ಆಡಿಯೊ ನೋಡಿ. ಯಾರ ನೆರವೂ ಇಲ್ಲದೆ ಮನೆಯಲ್ಲಿ ಓದಲು ಕೊಡುವುದಾದರೆ ನೂರಕ್ಕೆ ಎರಡೇ ಹೊಸ ಪದ ಸಾಕು. ಸಂಶೋಧಕರಾದ ಹೂ (Hu) ಮತ್ತು ನೇಷನ್ (Nation) 2000ರಲ್ಲಿ ಪ್ರಕಟಿಸಿದ ಅಧ್ಯಯನ ಸೂಚಿಸಿದ ಮಿತಿಯೂ ಸುಮಾರು ಅದೇ, 98 ಪ್ರತಿಶತ ಪದಗಳು ಗೊತ್ತಿರಬೇಕು.

ಕತ್ತರಿಸುವುದು, ನಿಧಾನಗೊಳಿಸುವುದು

ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶ ಸಾಕು. 60ರಿಂದ 90 ಸೆಕೆಂಡಿನ ಭಾಗವನ್ನು ಗುರುತಿಸಿ, ವಾಕ್ಯ ಮುಗಿದ ಕಡೆ ಕತ್ತರಿಸಿ, ಮೊದಲಲ್ಲೂ ಕೊನೆಯಲ್ಲೂ ಅರ್ಧ ಸೆಕೆಂಡ್ ಮೌನ ಉಳಿಸಿ. ನಿಧಾನ ಮಾಡಲೇಬೇಕಿದ್ದರೆ ‘ಚೇಂಜ್ ಟೆಂಪೊ’ ಬಳಸಿ. ‘ಚೇಂಜ್ ಸ್ಪೀಡ್’ ಬಳಸಿದರೆ ವೇಗದ ಜೊತೆ ಸ್ಥಾಯಿಯೂ ಇಳಿದು ದನಿ ಗೊಗ್ಗರಾಗುತ್ತದೆ. ಟೆಂಪೊವನ್ನೂ 15 ಪ್ರತಿಶತಕ್ಕಿಂತ ಹೆಚ್ಚು ಇಳಿಸಬೇಡಿ, ಸ್ವರಗಳು ಎಳೆದಂತಾಗುತ್ತವೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ವೇಗ ಮುಟ್ಟದೆ ವಾಕ್ಯಗಳ ನಡುವೆ ಎರಡು ಸೆಕೆಂಡ್ ಮೌನ ಸೇರಿಸುವುದು. ಮಾತು ಸಹಜವಾಗಿಯೇ ಉಳಿಯುತ್ತದೆ, ಯೋಚಿಸಲು ಬಿಡುವೂ ಸಿಗುತ್ತದೆ.

ಮೊದಲ ಪಾಠ: ಕೇಳುವುದು

ಪಠ್ಯ ಕೊಡಬೇಡಿ. ಯಾರು, ಎಲ್ಲಿ, ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಹಲಗೆಯ ಮೇಲೆ ಬರೆದು ಒಮ್ಮೆ ಕೇಳಿಸಿ. ಎರಡನೆಯ ಸಲ ಬಿಟ್ಟ ಸ್ಥಳಗಳಿರುವ ಹಾಳೆ ಕೊಡಿ. ಪ್ರತಿ ಏಳನೆಯ ಪದ ಎಂದು ಯಾಂತ್ರಿಕವಾಗಿ ಅಳಿಸಿದರೆ ಕೇಳದೆಯೇ ತುಂಬಬಹುದಾದ ಜಾಗಗಳೂ ಯಾರಿಗೂ ತುಂಬಲಾಗದ ಜಾಗಗಳೂ ಹುಟ್ಟುತ್ತವೆ. ನೀವೇ ಕೂತು ಎಂಟು ಪದ ಆರಿಸಿ. ಎರಡು ಖಾಲಿ ಜಾಗಗಳ ನಡುವೆ ಕನಿಷ್ಠ ಐದು ಪದಗಳ ಅಂತರವಿರಲಿ, ಇಲ್ಲದಿದ್ದರೆ ಬರೆಯುವಷ್ಟರಲ್ಲಿ ಮುಂದಿನದು ತಪ್ಪಿಹೋಗುತ್ತದೆ.

ಮೂರನೆಯ ಸಲ ಪೂರ್ತಿ ಪಠ್ಯ ಕೊಟ್ಟು, ‘ಗೊತ್ತಿರುವ ಪದವೇ, ಆದರೂ ಕೇಳಿಸಲಿಲ್ಲ’ ಅನಿಸಿದಲ್ಲಿ ಅಡಿಗೆರೆ ಎಳೆಯಲು ಹೇಳಿ. ಇಡೀ ಪಾಠದಲ್ಲಿ ನಾವು ಅತ್ಯಂತ ಬೆಲೆಕೊಡುವ ಐದು ನಿಮಿಷ ಇದು. ಫ್ರೆಂಚ್‌ನಲ್ಲಿ ‘ಲೆ’, ‘ಆಮಿ’ ಎರಡೂ ಗೊತ್ತಿದ್ದವರಿಗೆ ‘ಲೆಝಾಮಿ’ ಹೊಸ ಪದವಾಗಿ ಕೇಳಿಸುತ್ತದೆ. ಸ್ಪ್ಯಾನಿಷ್‌ನ ‘ವಾ ಆ ಆಬ್ಲಾರ್’ ಬಾಯಲ್ಲಿ ‘ಬಾಬ್ಲಾರ್’ ಆಗಿ ಕರಗುತ್ತದೆ. ಸಂಧಿ ಕಲಿತ ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ಅಡಿಗೆರೆ ಬಿದ್ದ ತುಣುಕುಗಳನ್ನಷ್ಟೇ ನಾಲ್ಕೈದು ಸಲ ಕೇಳಿಸಿ, ಒಟ್ಟಿಗೆ ಹೇಳಿಸಿ.

ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವ ಅಭ್ಯಾಸ ಮೊದಲ ವಾರ ದಾಟದಿರಲಿ. ಫ್ರೆಂಚ್‌ನಲ್ಲಿ ‘ನೀನು’ (tu), ‘ಎಲ್ಲ’ (tout) ಎನ್ನುವ ಪದಗಳ ಸ್ವರಗಳು ಬೇರೆ ಬೇರೆ. ನಮ್ಮ ಲಿಪಿಯಲ್ಲಿ ಎರಡೂ ‘ತು’ ಆಗಿಬಿಡುತ್ತವೆ. ತುಟಿ ‘ಉ’ಗೆ, ನಾಲಿಗೆ ‘ಈ’ಗೆ ಇಟ್ಟು ಹೇಳಿಸಿದರೆ ಮೊದಲನೆಯದು ಬರುತ್ತದೆ. ನಮಗೆ ಅನುಕೂಲವಾದದ್ದೂ ಇದೆ: ಫ್ರೆಂಚ್, ಸ್ಪ್ಯಾನಿಷ್‌ಗಳ ಪ, ತ, ಕ ನಮ್ಮವುಗಳಂತೆ ಅಲ್ಪಪ್ರಾಣ, ತಿದ್ದುವ ಕೆಲಸವಿಲ್ಲ.

ಎರಡನೆಯ ಪಾಠ: ಮರುಕಟ್ಟುವುದು

ಇದಕ್ಕೆ ಡಿಕ್ಟೊಗ್ಲಾಸ್ ಎಂದು ಹೆಸರು. ಅದೇ ಪಠ್ಯವನ್ನು 60–70 ಪದಗಳಿಗೆ ಇಳಿಸಿ, ಸಹಜ ವೇಗದಲ್ಲಿ ಎರಡು ಸಲ ಓದಿ. ಮೊದಲ ಸಲ ಪೆನ್ನು ಕೆಳಗೆ, ಎರಡನೆಯ ಸಲ ಮುಖ್ಯ ಪದಗಳು ಮಾತ್ರ. ಆಮೇಲೆ ಮೂವರ ಗುಂಪು ಹದಿನೈದು ನಿಮಿಷದಲ್ಲಿ ಇಡೀ ಪಠ್ಯವನ್ನು ಮತ್ತೆ ಕಟ್ಟಬೇಕು. ಗುಂಪಿನಲ್ಲಿ ಐವರಿದ್ದರೆ ಇಬ್ಬರು ಸುಮ್ಮನಾಗುತ್ತಾರೆ. ನೀವು ನಿಧಾನವಾಗಿ ಓದಿದರೆ ಅದು ಬರೀ ಉಕ್ತಲೇಖನ, ವ್ಯಾಕರಣದ ಚರ್ಚೆಯೇ ನಡೆಯದು. ಕೊನೆಗೆ ಮೂಲದೊಂದಿಗೆ ಹೋಲಿಸುವಾಗ, ಬೇರೆ ಪದ ಬಳಸಿಯೂ ಸರಿಯಾಗಿರುವ ವಾಕ್ಯಕ್ಕೆ ಪೂರ್ತಿ ಅಂಕ ಕೊಡಿ.

ಮೂರನೆಯ ಪಾಠ: ಮಾತು

ಪಠ್ಯದ ಎರಡು ಪ್ರತಿ ಮಾಡಿ. ಒಂದರಲ್ಲಿ ಅಳಿಸಿದ ಆರು ಮಾಹಿತಿ ಇನ್ನೊಂದರಲ್ಲಿ ಇರಲಿ. ಜೋಡಿಗಳು ಬೆನ್ನಿಗೆ ಬೆನ್ನು ಹಾಕಿ ಕೂತು ಪ್ರಶ್ನೆ ಕೇಳಿಯೇ ತುಂಬಬೇಕು. ಎದುರುಬದುರು ಕೂರಿಸಿದರೆ ಹಾಳೆ ಇಣುಕಿ ನೋಡಿ ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಬೇಕಾಗುವ ಪ್ರಶ್ನಾಪದಗಳು ಹಲಗೆಯ ಮೇಲಿರಲಿ, ಪೂರ್ತಿ ಪ್ರಶ್ನೆಗಳು ಬೇಡ.

ಬೇಗ ಮುಗಿಸುವವರಿಗೆ ಅದೇ ಬಗೆಯ ಇನ್ನೊಂದು ಹಾಳೆ ಕೊಟ್ಟರೆ ಅದು ಶಿಕ್ಷೆಯಂತೆ ಅನಿಸುತ್ತದೆ. ಅದೇ ಸುದ್ದಿಯನ್ನು ಅದರಲ್ಲಿ ಬರುವ ವ್ಯಕ್ತಿಯ ಬಾಯಲ್ಲಿ, ‘ನಾನು’ ಎಂದು ಭೂತಕಾಲದಲ್ಲಿ ಹೇಳಿ 40 ಸೆಕೆಂಡ್ ಧ್ವನಿಮುದ್ರಿಸಲು ಬಿಡಿ. ಕ್ರಿಯಾಪದ, ಸರ್ವನಾಮ ಎಲ್ಲ ಬದಲಾಗುತ್ತವೆ, ಹೊಸ ಪದ ಒಂದೂ ಬೇಕಿಲ್ಲ.

ಮೂರೂ ಮುಗಿದ ಮೇಲೆ ಎಂಟು ವಾಕ್ಯಗಳನ್ನು ಆಂಕಿ (ನೆನಪಿಗಾಗಿ ಕಾರ್ಡ್‌ಗಳನ್ನು ಮತ್ತೆ ಮತ್ತೆ ತೋರಿಸುವ ತಂತ್ರಾಂಶ) ಕಾರ್ಡ್‌ಗಳಾಗಿ ಮಾಡಿ: ಮುಂದೆ ಒಂದು ಪದ ಬಿಟ್ಟ ವಾಕ್ಯ, ಹಿಂದೆ ಆ ಪದ ಮತ್ತು ಆಡಿಯೊ ತುಣುಕು. ಬಿಡಿ ಪದದ ಕಾರ್ಡ್‌ನಲ್ಲಿ ಲಿಂಗವೂ ವಿಭಕ್ತಿಯೂ ಕಳೆದುಹೋಗುತ್ತವೆ. ತಿಂಗಳ ನಂತರ ಅದೇ ಆಡಿಯೊವನ್ನು ಹೇಳದೆ ಕೇಳದೆ ಮತ್ತೊಮ್ಮೆ ಹಾಕಿ, ಈ ಸಲ ವೇಗ ಇಳಿಸದೆ, ಮೌನ ಸೇರಿಸದೆ.